ಹಿರಿಯರಿರುವ ಕುಟುಂಬಕ್ಕೆ ಡ್ಯೂಪ್ಲೆಕ್ಸ್ ಮನೆಯೋ, ಒಂದೇ ಮಟ್ಟದ ಫ್ಲ್ಯಾಟೋ?

ಮನೆ ಹುಡುಕುತ್ತಿರುವವರು, ಮೈಸೂರು:
ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು 71 ವರ್ಷದ ನಮ್ಮ ಅತ್ತೆ, ಹೀಗೆ ಐದು ಜನರ ಕುಟುಂಬ ನಮ್ಮದು. ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡು ಮನೆಗಳು ಸಿಗುತ್ತಿವೆ. ಮೊದಲನೆಯದು 30×40 ಸೈಟಿನ ಡ್ಯೂಪ್ಲೆಕ್ಸ್. ಅದರ ಕೆಳಗೆ ಹಾಲ್, ಅಡುಗೆಮನೆ, ದೇವರ ಕೋಣೆ, ಒಂದು ಸಣ್ಣ ಕೋಣೆ ಮತ್ತು ಮೆಟ್ಟಿಲಿನ ಅಡಿಯಲ್ಲಿ ಶೌಚಾಲಯವಿದ್ದು, ದೊಡ್ಡ ಕೋಣೆಗಳು ಮೂರೂ ಮೇಲಿವೆ. ಎರಡನೆಯದು ನಾಲ್ಕನೆಯ ಮಹಡಿಯಲ್ಲಿರುವ, 1,650 ಚದರ ಅಡಿ ಸೂಪರ್ ಬಿಲ್ಟ್‌ಅಪ್ (ಲಿಫ್ಟ್, ಕಾರಿಡಾರ್‌ಗಳ ಪಾಲೂ ಸೇರಿದ ಅಳತೆ) ಎಂದು ಹೇಳುತ್ತಿರುವ ಮೂರು ಕೋಣೆಗಳ ಫ್ಲ್ಯಾಟ್. ಅಲ್ಲಿ ಅಡುಗೆಮನೆಗೂ ಹಾಲ್‌ಗೂ ನಡುವೆ ಗೋಡೆಯಿಲ್ಲ. ಯಜಮಾನರಿಗೆ ಸ್ವಂತ ನೆಲದ ಮನೆಯೇ ಬೇಕು. ನನಗೆ ಅತ್ತೆಯವರ ಮುಂದಿನ ಹತ್ತು ವರ್ಷಗಳ ಯೋಚನೆ. ಬೆಲೆಯನ್ನು ಬದಿಗಿಟ್ಟು, ಮನೆಯ ನಕ್ಷೆಯ ದೃಷ್ಟಿಯಿಂದ ಯಾವುದು ಮೇಲೆಂದು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಶಿಕ್ಷಕರು:
ನಿಮ್ಮ ಯಜಮಾನರ ಮಾತಿಗೆ ನನ್ನ ಸಂಪೂರ್ಣ ಬೆಂಬಲವಿದೆ. ಫ್ಲ್ಯಾಟಿನಲ್ಲಿ ನಿಮಗೆ ಸಿಗುವುದು ನೆಲದ ಅವಿಭಜಿತ ಪಾಲು ಮಾತ್ರ. ನಾಳೆ ಒಂದು ಕೋಣೆ ಸೇರಿಸಬೇಕೆಂದರೂ, ಹಿತ್ತಲಲ್ಲಿ ಕರಿಬೇವಿನ ಗಿಡ ನೆಡಬೇಕೆಂದರೂ ನಿಮ್ಮದೆನ್ನುವ ಜಾಗವಿರುವುದಿಲ್ಲ. ಮಕ್ಕಳು ಮೇಲೆ ಕುಳಿತು ಓದುವಾಗ ಕೆಳಗೆ ನೆಂಟರು ಮಾತನಾಡುತ್ತಿದ್ದರೂ ತೊಂದರೆಯಾಗದಿರುವುದು ಡ್ಯೂಪ್ಲೆಕ್ಸಿನ ದೊಡ್ಡ ಅನುಕೂಲ. ಲಿಫ್ಟ್ ಕೆಟ್ಟ ದಿನ ನಾಲ್ಕನೆಯ ಮಹಡಿಯಿಂದ ನಿಮ್ಮ ಅತ್ತೆಯವರು ಇಳಿಯುವುದು ಹೇಗೆಂಬುದನ್ನೂ ಯೋಚಿಸಿ.

ತಾಯಿಯ ಆರೈಕೆಯಲ್ಲಿರುವ ಮಗಳು:
ಲಿಫ್ಟ್ ಕೆಡುವುದು ಎಂದೋ ಒಂದು ದಿನ. ಮೆಟ್ಟಿಲು ಹತ್ತುವ ಕಷ್ಟ ಪ್ರತಿದಿನದ್ದು. ಕೆಳಗೆ ಒಂದು ಕೋಣೆಯಿದೆ ಎಂಬ ಸಮಾಧಾನದಲ್ಲಿಯೇ ನಾವೂ ಡ್ಯೂಪ್ಲೆಕ್ಸ್ ಮನೆಗೆ ಬಂದೆವು. ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಆ ಕೋಣೆಯಲ್ಲಿ ಮಲಗಬಲ್ಲರು, ಆದರೆ ಕೆಳಗೆ ಸ್ನಾನಕ್ಕೆ ಜಾಗವಿಲ್ಲ. ಮೆಟ್ಟಿಲಿನ ಅಡಿಯ ಶೌಚಾಲಯದಲ್ಲಿ ವಾಕರ್ ತಿರುಗಿಸಲು ಸಾಧ್ಯವಿಲ್ಲ, ಹಿಡಿದು ಕೂರಿಸಲು ಇನ್ನೊಬ್ಬರು ಒಳಗೆ ನಿಲ್ಲಲೂ ಸಾಧ್ಯವಿಲ್ಲ. ಮನೆಯವರೆಲ್ಲ ಮೇಲೆ ಮಲಗಿರುವಾಗ ಅವರೊಬ್ಬರೇ ಕೆಳಗೆ ಉಳಿಯುತ್ತಾರೆಂಬ ಸಂಕಟ ಬೇರೆ. ದಯವಿಟ್ಟು ಕೋಣೆಗಳನ್ನು ಎಣಿಸುವ ಮೊದಲು ಬಚ್ಚಲನ್ನು ನೋಡಿ.

ಕಟ್ಟಡ ವಿನ್ಯಾಸಕಿ:
ಮೇಲಿನ ಮಾತು ಅಕ್ಷರಶಃ ನಿಜ. ಎರಡೂ ನಕ್ಷೆಗಳನ್ನು ಅಳತೆಯ ಮೇಲೆ ಹೋಲಿಸೋಣ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾ ಎಂದರೆ ಮನೆಯೊಳಗೆ ಬಳಕೆಗೆ ಸಿಗುವ ನೆಲ. ಒಳಗಿನ ವಿಭಜಕ ಗೋಡೆಗಳು ಅದರಲ್ಲಿ ಸೇರುತ್ತವೆ, ಆದರೆ ಹೊರಗೋಡೆ, ಪೈಪು ಹೋಗುವ ಶಾಫ್ಟ್, ಬಾಲ್ಕನಿ ಮತ್ತು ತೆರೆದ ತಾರಸಿ ಸೇರುವುದಿಲ್ಲ. ಆದ್ದರಿಂದ 1,650 ಎಂಬ ಅಂಕಿಯನ್ನು ಮರೆತು, ಕರಾರುಪತ್ರದಲ್ಲಿ ಬರೆಯುವ ಕಾರ್ಪೆಟ್ ಏರಿಯಾ ಎಷ್ಟೆಂದು ಕೇಳಿ. ಲಿಫ್ಟ್, ಕಾರಿಡಾರ್‌ಗಳ ಪಾಲು ಕಳೆದ ಮೇಲೆ ಉಳಿಯುವ ಅಂಕಿ ಬಹಳ ಸಣ್ಣದಿರುತ್ತದೆ.

ಡ್ಯೂಪ್ಲೆಕ್ಸಿಗೂ ಇಂಥದೇ ಲೆಕ್ಕವಿದೆ. ಮೇಸ್ತ್ರಿಗಳು ಹದಿನೈದು ಚದರದ (ಒಂದು ಚದರವೆಂದರೆ ನೂರು ಚದರ ಅಡಿ) ಮನೆಯೆಂದು ಹೇಳುವಾಗ ಎರಡು ಮಹಡಿಗಳಲ್ಲೂ ಮೆಟ್ಟಿಲು ನುಂಗುವ ಜಾಗ ಅದರೊಳಗೇ ಸೇರಿರುತ್ತದೆ. ಹತ್ತು ಅಡಿ ಎತ್ತರವನ್ನು ಏಳು ಅಂಗುಲದ ಮೆಟ್ಟಿಲುಗಳಲ್ಲಿ ಏರಲು ಸುಮಾರು 17 ಮೆಟ್ಟಿಲುಗಳು ಬೇಕು. ಒಗೆದ ಬಟ್ಟೆ, ನೀರಿನ ಬಾಟಲಿ, ಜ್ವರದ ಮಗುವಿಗೆ ಗಂಜಿ, ಎಲ್ಲವೂ ಆ 17 ಮೆಟ್ಟಿಲುಗಳನ್ನು ಹತ್ತಿಯೇ ಹೋಗಬೇಕು.

ಇನ್ನೊಂದು ವಿಷಯವನ್ನು ಕೊಳ್ಳುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. 30×40 ಸೈಟಿನಲ್ಲಿ ಕಾರಿಗೆ ಮುಂಭಾಗ ಬಿಟ್ಟರೆ ಹಾಲ್ ಹಿಂದಕ್ಕೆ ಸರಿಯುತ್ತದೆ, ಅದರ ಕಿಟಕಿಗಳು ಪಕ್ಕದ ಸೈಟಿನ ಕಡೆಗೆ ತೆರೆಯುತ್ತವೆ. ಪಕ್ಕದ ಸೈಟು ಈಗ ಖಾಲಿಯಿದ್ದರೆ ಮನೆ ಬೆಳಕಿನಿಂದ ತುಂಬಿರುವಂತೆ ಕಾಣುತ್ತದೆ. ಅಲ್ಲಿ ಮನೆ ಎದ್ದ ದಿನ ಹಗಲಲ್ಲೂ ದೀಪ ಹಾಕಬೇಕಾಗುತ್ತದೆ. ಮೆಟ್ಟಿಲಿನ ನೆತ್ತಿಯಲ್ಲಿ ಗಾಜಿನ ಬೆಳಕಿಂಡಿ ಇದ್ದರೆ, ತೊಟ್ಟಿಮನೆಯ ಅಂಗಳದಂತೆ ಮಧ್ಯದಿಂದ ಬೆಳಕು ಬಂದು ಈ ಕೊರತೆ ತಕ್ಕಮಟ್ಟಿಗೆ ನೀಗುತ್ತದೆ. ಅದಿದೆಯೇ ಎಂದು ನೋಡಿ.

ಹುಬ್ಬಳ್ಳಿಯ ಗೃಹಿಣಿ:
ತೆರೆದ ಅಡುಗೆಮನೆಯ ವಿಚಾರವಾಗಿ ಎರಡು ಮಾತು ಹೇಳುತ್ತೇನೆ. ದಿನವೂ ರೊಟ್ಟಿ ಬಡಿಯುವ, ಒಣಮೆಣಸಿನಕಾಯಿಯ ಒಗ್ಗರಣೆ ಹಾಕುವ ಮನೆಗೆ ಅದು ಹೊಂದುವುದಿಲ್ಲ. ಚಿಮಣಿ ಇದ್ದರೂ ಘಾಟು ಹಾಲ್‌ಗೆ ಬಂದು, ಸೋಫಾದ ಬಟ್ಟೆಯಲ್ಲಿ ವಾಸನೆ ಉಳಿಯುತ್ತದೆ. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು ಪರೀಕ್ಷೆಗೆ ಓದುವ ಮಕ್ಕಳಿಗೆ ನೇರವಾಗಿ ಕೇಳಿಸುತ್ತದೆ. ಪಾತ್ರೆ ತೊಳೆಯಲು, ವಾಷಿಂಗ್ ಮಷೀನ್ ಇಡಲು ಬೇರೆ ಯುಟಿಲಿಟಿ ಇದೆಯೇ ಎಂಬುದನ್ನೂ ವಿಚಾರಿಸಿ.

ಬೆಂಗಳೂರಿನ ಫ್ಲ್ಯಾಟ್ ನಿವಾಸಿ:
ನನ್ನ ಅನುಭವ ಬೇರೆ. ನಾವಿಬ್ಬರೂ ಕೆಲಸದಿಂದ ಬರುವುದು ಸಂಜೆ ಏಳಕ್ಕೆ. ಅಡುಗೆ ಮಾಡುತ್ತಲೇ ಮಗಳ ಹೋಂವರ್ಕ್ ನೋಡುವುದು, ತಂದೆಯವರೊಂದಿಗೆ ಮಾತನಾಡುವುದು ನಮಗೆ ಸಾಧ್ಯವಾಗಿರುವುದು ನಡುವೆ ಗೋಡೆ ಇಲ್ಲದಿರುವುದರಿಂದಲೇ. ಅಡುಗೆ ಮಾಡುವವರನ್ನು ಮನೆಯ ಮಾತುಕತೆಯಿಂದ ಹೊರಗಿಟ್ಟ ಹಳೆಯ ನಕ್ಷೆಯನ್ನು ನಾನಂತೂ ಬಯಸುವುದಿಲ್ಲ. ಘಾಟಿಗೆ ಸರಿಯುವ ಗಾಜಿನ ಬಾಗಿಲು ಹಾಕಿಸಿಕೊಂಡಿದ್ದೇವೆ. ಒಗ್ಗರಣೆಯ ಹೊತ್ತಿಗೆ ಮುಚ್ಚುತ್ತೇವೆ.

ನಿವೃತ್ತ ಶಿಕ್ಷಕರು:
ಬಚ್ಚಲಿನ ಬಗ್ಗೆ ಮಗಳಾಗಿ ಅವರು ಬರೆದದ್ದು ಮನಸ್ಸಿಗೆ ನಾಟಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸ್ವಂತ ಮನೆಯಲ್ಲಿ ಅದನ್ನು ಸರಿಪಡಿಸಬಹುದಲ್ಲವೇ? ಕೆಳಗಿನ ಸಣ್ಣ ಕೋಣೆಗೆ ತಾಗಿದಂತೆ ಒಂದು ಬಚ್ಚಲು ಕಟ್ಟಿಸಿದರೆ ಆಯಿತು.

ಮನೆ ಹುಡುಕುತ್ತಿರುವವರು, ಮೈಸೂರು:
ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರು ಹೇಳಿದಂತೆ ಬಚ್ಚಲು ಸೇರಿಸುವುದು ಸಾಧ್ಯವೇ? ಫ್ಲ್ಯಾಟನ್ನೇ ತೆಗೆದುಕೊಂಡರೆ, ಅಡುಗೆಮನೆಗೆ ಬಾಗಿಲು ಕೂರಿಸಿ, ಪಕ್ಕದ ಕೋಣೆಯ ಗೋಡೆಯನ್ನು ಸ್ವಲ್ಪ ಸರಿಸಬಹುದೇ?

ಕಟ್ಟಡ ವಿನ್ಯಾಸಕಿ:
ಬಚ್ಚಲು ಸೇರಿಸಲು ಸಾಧ್ಯ, ಆದರೆ ಆ ಸಣ್ಣ ಕೋಣೆ ಯಾವ ಬದಿಗಿದೆ ಎಂಬುದರ ಮೇಲೆ ನಿಂತಿದೆ. ಹೊರಗೋಡೆಗೆ ತಾಗಿದ್ದು, ಒಳಚರಂಡಿಯ ಚೇಂಬರ್ ಅದೇ ಬದಿಯಲ್ಲಿದ್ದರೆ ಕೆಲಸ ಸುಲಭ; ಮನೆಯ ನಡುವಿನಲ್ಲಿದ್ದರೆ ನೆಲ ಅಗೆದು, ಪೈಪಿಗೆ ಇಳಿಜಾರು ಕೊಟ್ಟು ಸಾಗಿಸಬೇಕು. ಸುತ್ತ ಬಿಟ್ಟ ಖಾಲಿ ಜಾಗದಲ್ಲಿ ಬಚ್ಚಲು ಕಟ್ಟುವ ಯೋಚನೆ ಬೇಡ, ಅದು ನಿಯಮದ ಉಲ್ಲಂಘನೆಯಾಗುತ್ತದೆ. ಒಳಗೆ ಕಟ್ಟಿಸುವುದಾದರೆ ಬಾಗಿಲು ಎರಡೂವರೆ ಅಡಿಯ ಬದಲು ಮೂರು ಅಡಿ ಇರಲಿ, ಹೊಸ್ತಿಲು ಬೇಡ.

ಫ್ಲ್ಯಾಟಿನ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಅದನ್ನು ಮಿವಾನ್ ಪದ್ಧತಿಯಲ್ಲಿ ಕಟ್ಟಿದ್ದಾರೆಯೇ ಎಂದು. ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟ್ ಸುರಿದು ಕಟ್ಟುವ ಅಂಥ ಕಟ್ಟಡಗಳಲ್ಲಿ ಒಳಗೋಡೆಗಳೂ ಭಾರ ಹೊರುತ್ತವೆ, ಅವುಗಳನ್ನು ಮುಟ್ಟುವಂತಿಲ್ಲ. ಕಂಬ ಮತ್ತು ತೊಲೆಗಳ ಕಟ್ಟಡದಲ್ಲಿ ಇಟ್ಟಿಗೆಯ ತೆಳುಗೋಡೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದರೆ ಸರಿಸಬಹುದು. ಅಡುಗೆಮನೆಯ ಬಾಗಿಲಿಗೆ ಎಲ್ಲಿಯೂ ಅಡ್ಡಿಯಿಲ್ಲ. ನನ್ನನ್ನು ಕೇಳಿದರೆ, ನಿಮ್ಮ ಅತ್ತೆಯವರ ಕೋಣೆಗೆ ತಾಗಿ ವಿಶಾಲವಾದ ಬಚ್ಚಲಿರುವ ಫ್ಲ್ಯಾಟನ್ನೇ ಆಯ್ದುಕೊಳ್ಳುತ್ತೇನೆ; ಡ್ಯೂಪ್ಲೆಕ್ಸಿನ ಆ ಸಣ್ಣ ಕೋಣೆ ಹೊರಗೋಡೆಯ ಬದಿಗಿದ್ದು, ಬಚ್ಚಲಿಗೆ ಜಾಗ ಕೊಟ್ಟ ಮೇಲೂ ಮಂಚ ಮತ್ತು ಓಡಾಟಕ್ಕೆ ಸಾಕಾಗುವುದಾದರೆ ಮಾತ್ರ ನಿಮ್ಮ ಯಜಮಾನರ ಪಕ್ಷಕ್ಕೆ ಬರುತ್ತೇನೆ. ಮುಂದಿನ ಸಲ ಹೋದಾಗ ಆ ಕೋಣೆಯನ್ನು ಅಳೆದು ಇಲ್ಲಿ ಬರೆಯಿರಿ.