ಓದುವಾಗ ಸ್ವಯಂಸೇವೆ ಮಾಡಿದವರಿಗೆ ಏನು ದಕ್ಕಿತು?

ಕೇಳಿದವರು: ಬಿ.ಎಸ್ಸಿ. ಎರಡನೆಯ ವರ್ಷ, ದಾವಣಗೆರೆ

ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕಕ್ಕೆ ಹೆಸರು ಕೊಡಬೇಕೆಂದಿದ್ದೇನೆ. ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವ ಗುಂಪೊಂದೂ ಕರೆದಿದೆ. ಅಪ್ಪನಿಗೆ ಇಷ್ಟವಿಲ್ಲ. “ಊರ ಉಸಾಬರಿ ಆಮೇಲೆ, ಮೊದಲು ಓದು” ಎನ್ನುತ್ತಾರೆ. ಸೇವೆಯಿಂದ ಬೇರೆಯವರಿಗೆ ಒಳಿತಾಗುತ್ತದೆ, ಸರಿ. ಪ್ರಮಾಣಪತ್ರವನ್ನು ಬಿಟ್ಟರೆ ಮಾಡಿದವರಿಗೆ ಏನು ಸಿಗುತ್ತದೆ? ಓದುವ ದಿನಗಳಲ್ಲಿ ಇಂಥದ್ದು ಮಾಡಿದ ಅಕ್ಕ, ಅಣ್ಣಂದಿರು ನಿಮಗಾದ ಅನುಭವವನ್ನೇ ಹೇಳಿ. ಅಪ್ಪನಿಗೆ ತೋರಿಸುತ್ತೇನೆ.

ಬ್ಯಾಂಕ್ ಉದ್ಯೋಗಿ, ಮೈಸೂರು

ತಂಗಿ, ಬರೆದುಕೊಡುವ ಕೆಲಸದ ಬಗ್ಗೆ ನಾನು ಹೇಳುತ್ತೇನೆ. ಬಿ.ಕಾಂ. ಓದುತ್ತಿದ್ದಾಗ ಬಿ.ಎ. ಅಂತಿಮ ವರ್ಷದ ಅಣ್ಣನೊಬ್ಬನಿಗೆ ಇತಿಹಾಸದ ಪತ್ರಿಕೆಗಳನ್ನು ಬರೆದುಕೊಟ್ಟೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಇಂಥ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ ಕೂರುತ್ತೀರಿ. ಕೈ ನೋಯುತ್ತದೆ, ಅದಕ್ಕೆ ಸಿದ್ಧವಾಗಿರಿ.

ಪ್ರಶ್ನೆಪತ್ರಿಕೆ ಬಂದ ಕೂಡಲೇ ಆ ಅಣ್ಣ ಹೇಳಿದ್ದು, “ಮೊದಲು ಪೂರ್ತಿ ಓದಿಬಿಡಿ, ನಿಧಾನವಾಗಿ.” ನಾನು ಓದಿ ಮುಗಿಸುವಷ್ಟರಲ್ಲಿ ಯಾವ ಪ್ರಶ್ನೆ ಮೊದಲು, ಯಾವುದು ಕೊನೆಗೆ ಎಂಬುದು ಅವರ ತಲೆಯಲ್ಲಿ ನಿಗದಿಯಾಗಿತ್ತು. ವಾಕ್ಯ ಮನಸ್ಸಿನಲ್ಲಿ ಪೂರ್ತಿಯಾದ ಮೇಲೆಯೇ ಬಾಯಿ ತೆರೆಯುತ್ತಿದ್ದರು. ಅಲ್ಪವಿರಾಮ ಎಲ್ಲಿ, ಹೊಸ ಪ್ಯಾರಾ ಎಲ್ಲಿ ಎಂಬುದನ್ನೂ ಹೇಳುತ್ತಿದ್ದರು. ನಡುನಡುವೆ “ಈ ಪುಟದಲ್ಲಿ ಇನ್ನೆಷ್ಟು ಸಾಲು ಉಳಿದಿವೆ?” ಎಂದು ಕೇಳಿ, ಉತ್ತರವನ್ನು ಅದಕ್ಕೆ ತಕ್ಕಂತೆ ಹಿಗ್ಗಿಸುತ್ತಿದ್ದರು ಅಥವಾ ಕುಗ್ಗಿಸುತ್ತಿದ್ದರು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಹುಟ್ಟಿದ ಬಗೆಯನ್ನು ಅವರು ಹೇಳುತ್ತಾ ಹೋದಾಗ, ನನ್ನ ಊರಿನ ಇತಿಹಾಸವನ್ನು ಮೊದಲ ಬಾರಿಗೆ ಕಿವಿಗೊಟ್ಟು ಕೇಳಿದೆ. ಆಮೇಲೆ ಗ್ರಂಥಾಲಯದಲ್ಲಿ ಆ ವಿಷಯದ ಪುಸ್ತಕಗಳನ್ನು ಹುಡುಕಿ ಓದಿದೆ. ವಾಣಿಜ್ಯ ಓದುವ ನನಗೆ ಅದನ್ನು ಯಾರೂ ಹೇಳಿರಲಿಲ್ಲ.

ಲಿಪಿಕಾರರು ತಮಗೆ ಗೊತ್ತಿರುವುದನ್ನು ಸೇರಿಸುವಂತಿಲ್ಲ, ಹೇಳಿದ್ದನ್ನು ಹೇಳಿದಂತೆ ಬರೆಯಬೇಕು. ಇನ್ನೊಬ್ಬರ ಮಾತು ಮುಗಿಯುವವರೆಗೆ ನನ್ನ ಮಾತನ್ನು ತಡೆದಿಟ್ಟುಕೊಳ್ಳುವುದು ನನಗೆ ಬಂದದ್ದು ಅಲ್ಲಿಂದ. ಜೊತೆಗೆ ಪರೀಕ್ಷೆಯ ಭಯ ಹೋಯಿತು. ಪೂರ್ತಿ ಓದು, ಕ್ರಮ ಹಾಕು, ಜಾಗ ಅಳೆದು ಬರೆ ಎಂಬ ಅವರ ಪದ್ಧತಿಯನ್ನೇ ನನ್ನ ಪರೀಕ್ಷೆಗಳಲ್ಲೂ ಅನುಸರಿಸಿದೆ. ಬ್ಯಾಂಕಿನ ಪರೀಕ್ಷೆಯಲ್ಲೂ ಅದೇ ಕೈಹಿಡಿಯಿತು. ಇದನ್ನು ನಿಮ್ಮ ತಂದೆಯವರಿಗೆ ಖಂಡಿತ ತೋರಿಸಿ.

ಇಂಜಿನಿಯರ್, ಹುಬ್ಬಳ್ಳಿ

ಬೀದರ್‌ನಿಂದ ಬಂದು ಇಲ್ಲಿ ಹಾಸ್ಟೆಲ್ ಸೇರಿದ್ದೆ. ಊರ ನೆನಪಿನಿಂದ ಸಂಜೆಗಳೇ ಸಾಗುತ್ತಿರಲಿಲ್ಲ. ಹತ್ತಿರದ ಬಡಾವಣೆಯಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು ಬೇಕಿತ್ತು, ಹೋದೆ. 63ರಿಂದ 28 ಕಳೆಯುವಾಗ ನಾನು ಕಲಿತಂತೆಯೇ ಹೇಳಿದೆ: “ಮೂರರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದಿಂದ ಸಾಲ ತಗೋ.” ಒಬ್ಬ ಹುಡುಗಿ ಕೇಳಿದಳು: “ಸಾಲ ವಾಪಸ್ ಕೊಡುವುದು ಯಾವಾಗ?”

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ತಂದೆ. ಆರು ಕಟ್ಟು, ಮೂರು ಬಿಡಿ. ಒಂದು ಕಟ್ಟನ್ನು ಅವಳೇ ಬಿಚ್ಚಿದಳು, ಬಿಡಿ ಕಡ್ಡಿ ಹದಿಮೂರಾಯಿತು. ಎಂಟು ತೆಗೆದಳು, ಎರಡು ಕಟ್ಟುಗಳನ್ನೂ ಎತ್ತಿಟ್ಟಳು, ಮೂವತ್ತೈದು ಉಳಿಯಿತು. “ಹಾಗಾದರೆ ಸಾಲ ಅಲ್ಲ, ಚಿಲ್ಲರೆ ಮಾಡಿಸಿದ್ದು” ಎಂದಳು. ನನಗೂ ಆ ಲೆಕ್ಕ ನಿಜವಾಗಿ ಅರ್ಥವಾದದ್ದು ಆಗಲೇ. ಗೊತ್ತಿದೆ ಎಂದುಕೊಂಡದ್ದನ್ನು ಬುಡದಿಂದ ಕೆದಕಿ ನೋಡುವ ಅಭ್ಯಾಸ ಅಂದಿನಿಂದ ಬಂತು, ನನ್ನ ವೃತ್ತಿಯೇ ಅದರ ಮೇಲೆ ನಿಂತಿದೆ. ಅದಕ್ಕಿಂತ ದೊಡ್ಡದು, ಈ ಊರಿನಲ್ಲಿ ನನ್ನ ದಾರಿ ಕಾಯುವವರು ಇದ್ದಾರೆ ಎನ್ನಿಸಿದ್ದು. ಓದು ಮುಗಿದ ಮೇಲೂ ಇಲ್ಲೇ ಉಳಿದೆ.

ನಿವೃತ್ತ ಅಧ್ಯಾಪಕ, ಶಿವಮೊಗ್ಗ

ಮಗು, ನಾನು ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯಾಗಿದ್ದವನು. ಅಪ್ಪನವರ ಚಿಂತೆ ಸಮಯದ್ದಾದರೆ ಲೆಕ್ಕವನ್ನೇ ಮುಂದಿಡು: ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. ಆ 120 ಗಂಟೆಯನ್ನು ವಾರಗಳಿಗೆ ಹಂಚಿದರೆ ಎರಡೂವರೆ ಗಂಟೆಯೂ ಆಗುವುದಿಲ್ಲ. 1969ರಲ್ಲಿ, ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಇದನ್ನು ಆರಂಭಿಸಿದವರ ಆಶಯವೇ ಸೇವೆಯ ಮೂಲಕ ವಿದ್ಯಾರ್ಥಿಯ ವ್ಯಕ್ತಿತ್ವ ಬೆಳೆಯಲಿ ಎಂಬುದು. ಹಾಗಾಗಿ “ನನಗೇನು ಸಿಗುತ್ತದೆ” ಎಂದು ಕೇಳಲು ಸಂಕೋಚ ಬೇಡ.

ಶಿಬಿರಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದನ್ನು ಹೇಳುತ್ತೇನೆ. ತರಗತಿಯಲ್ಲಿ ಹಾಜರಿ ಕೂಗಿದಾಗ ಮಾತ್ರ ದನಿ ಕೇಳಿಸುತ್ತಿದ್ದ ಹುಡುಗಿಯರು ಸಮೀಕ್ಷೆಯ ಹಾಳೆ ಹಿಡಿದು ಮನೆಮನೆಗೆ ಹೋದರು. ಮೊದಲ ದಿನ ಹೊಸ್ತಿಲಾಚೆಯೇ ನಿಂತು ಕೇಳುತ್ತಿದ್ದವರು, ನಾಲ್ಕನೆಯ ದಿನ ಅದೇ ಮನೆಗಳ ಜಗಲಿಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಾ ಪಿಂಚಣಿ ಬರದ ಅಜ್ಜಿಯ ಅರ್ಜಿ ತುಂಬುತ್ತಿದ್ದರು. ಗ್ರಾಮ ಪಂಚಾಯಿತಿಗೆ ಆ ಅರ್ಜಿ ಒಯ್ದು ಮಾತನಾಡಿದವರೂ ಅವರೇ. ಮನೆಯಲ್ಲಿ ತಟ್ಟೆ ಎತ್ತದ ಗಂಡುಮಕ್ಕಳು ಸಾಂಬಾರಿಗೆ ಈರುಳ್ಳಿ ಹೆಚ್ಚಿದರು, ಕಡಾಯಿ ತಿಕ್ಕಿದರು. ಇವೆಲ್ಲ ಅಂಕಪಟ್ಟಿಯಲ್ಲಿ ಬರುವುದಿಲ್ಲ. ಆದರೆ ವರ್ಷಗಳ ನಂತರ ಸಿಕ್ಕಾಗ ಅವರು ನೆನೆಸಿಕೊಳ್ಳುವುದು ನನ್ನ ಪಾಠಗಳನ್ನಲ್ಲ, ಆ ಏಳು ದಿನಗಳನ್ನು. ನನಗದು ಸಂತೋಷವೇ.

ಆಸ್ಪತ್ರೆಯ ಉಗ್ರಾಣ ವಿಭಾಗ, ಮಂಗಳೂರು

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಾವು ಕೆಲವು ವಿದ್ಯಾರ್ಥಿಗಳು ಪರಿಹಾರ ಸಾಮಗ್ರಿ ವಿಂಗಡಿಸಲು ಕುಳಿತೆವು. ಹಳೆಯ ಸೀರೆಗಳ ರಾಶಿಯೇ ಬಂದಿತ್ತು. ಒಳಉಡುಪು, ಸ್ಯಾನಿಟರಿ ಪ್ಯಾಡ್, ಮಕ್ಕಳ ಚಪ್ಪಲಿ ಸಾಲದು. ಏನು ಬಂದಿದೆ, ಏನು ಬೇಕು ಎಂದು ಪಟ್ಟಿ ಮಾಡತೊಡಗಿದಾಗ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಇದೇ ನನ್ನ ಕೆಲಸ ಎಂದು ಅಲ್ಲೇ ಹೊಳೆಯಿತು. ಈಗ ಔಷಧ ದಾಸ್ತಾನು ನೋಡಿಕೊಳ್ಳುತ್ತೇನೆ.

ನರ್ಸಿಂಗ್ ಅಂತಿಮ ವರ್ಷ, ಕಲಬುರಗಿ

ಮೇಲಿನವರ ಮಾತು ನಿಜ, ಆದರೆ ಎಲ್ಲ ಕಡೆಯೂ ಹಾಗಲ್ಲ. ಒಂದು ಸಂಸ್ಥೆ ನಮ್ಮನ್ನು ಕರೆದು ಬ್ಯಾನರ್ ಹಿಡಿಸಿ, ಫೋಟೊ ತೆಗೆಸಿ, ಬಿಸ್ಕತ್ತು ಕೊಟ್ಟು ಕಳುಹಿಸಿತು. ಅಲ್ಲಿ ಯಾರಿಗೂ ಏನೂ ಸಿಗಲಿಲ್ಲ. ಅದೇ ನಾನು, ವೃದ್ಧಾಶ್ರಮದಲ್ಲಿ ಒಬ್ಬರೇ ಅಜ್ಜಿಗೆ ಪ್ರತಿ ಭಾನುವಾರ ಪತ್ರಿಕೆ ಓದಿ ಹೇಳುತ್ತಾ, ರೋಗಿಯ ಜೊತೆ ಮಾತು ಶುರುಮಾಡುವುದು ಹೇಗೆಂದು ಕಲಿತೆ. ವಾರ್ಡಿನಲ್ಲಿ ಅದು ದಿನವೂ ಬಳಕೆಗೆ ಬರುತ್ತಿದೆ. ಅದೇ ಮುಖ, ಅದೇ ಹೊತ್ತು, ನಿಮ್ಮಿಂದಲೇ ಆಗಬೇಕಾದ ಕೆಲಸ ಇರುವಲ್ಲಿಗೆ ಹೋಗಿ.

ಇನ್ನೊಂದು ಮಾತು. ಬರೆದುಕೊಡುವ ಗುಂಪಿಗೆ ನಿಮ್ಮ ಸೆಮಿಸ್ಟರ್ ಪರೀಕ್ಷೆಯ ದಿನಗಳನ್ನು ಮೊದಲೇ ತಿಳಿಸಿ. ಒಂದೇ ವಿಶ್ವವಿದ್ಯಾಲಯವಾದರೆ ಅವರ ಪರೀಕ್ಷೆಯೂ ನಿಮ್ಮದೂ ಒಂದೇ ವಾರದಲ್ಲಿ ಬರಬಹುದು. ಒಪ್ಪಿಕೊಂಡ ಮೇಲೆ ಹಿಂದಿನ ದಿನ ಕೈಬಿಟ್ಟರೆ ಅವರ ಒಂದು ವರ್ಷವೇ ಹಾಳಾಗಬಹುದು. ಅನುಮಾನವಿದ್ದರೆ ಈ ಸೆಮಿಸ್ಟರ್‌ಗೆ ಪಠ್ಯಗಳನ್ನು ಓದಿ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಕೊಡುತ್ತೇನೆಂದು ಹೇಳಿ, ಅದರ ಅಗತ್ಯವೂ ಅಷ್ಟೇ ಇದೆ.