'ಇಂಟರ್ವಲ್' ಎಂದರೆ ಸೆಕೆಂಡಿಗೊಮ್ಮೆಯೋ, ಸೆಕೆಂಡು ಬಿಟ್ಟೋ?

ಟೈಮ್‌ಲ್ಯಾಪ್ಸ್ (ಹೊತ್ತು ಹೊತ್ತಿಗೆ ತೆಗೆದ ಫೋಟೊಗಳನ್ನು ಜೋಡಿಸಿ ವೇಗವಾಗಿ ಓಡಿಸುವ ವಿಡಿಯೊ) ಕಲಿಯುವವರಿಗಾಗಿ, ಕ್ಯಾಮೆರಾಗೆ ಹೊರಗಿನಿಂದ ಸಿಕ್ಕಿಸಿ ಹೊತ್ತಿಗೆ ಸರಿಯಾಗಿ ತಾನೇ ಕ್ಲಿಕ್ಕಿಸುವ ಇಂಟರ್ವಲೋಮೀಟರನ್ನು ಆರಿಸುವುದು ಹೇಗೆ ಎಂದು ಬರೆಯುತ್ತಿದ್ದೇನೆ. ಕೇಬಲ್ಲು, ಪಿನ್ನು, ಬ್ಯಾಟರಿ, ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವ ಬಲ್ಬ್ ಮೋಡ್ ಎಲ್ಲ ಸಲೀಸಾಗಿ ಕನ್ನಡಕ್ಕೆ ಬಂದವು. ಸಿಕ್ಕಿಬಿದ್ದದ್ದು 'ಇಂಟರ್ವಲ್' ಪದದಲ್ಲಿ.

ಮೊದಲು 'ಮಧ್ಯಂತರ' ಎಂದು ಬರೆದೆ. ಓದಿದರೆ ಸಿನಿಮಾ ಅರ್ಧಕ್ಕೆ ನಿಂತು ದೀಪ ಹತ್ತಿದ ಹಾಗಿತ್ತು. ಇಲ್ಲವೇ ಚುನಾವಣೆ, ಕೋರ್ಟಿನ ಆದೇಶ. ಅದನ್ನು ಸಹಿಸಬಹುದು. ನಿಜವಾದ ತೊಡಕು ಅರ್ಥದ್ದು. ಕೆಲವು ಸಾಧನಗಳಲ್ಲಿ ಇಂಟರ್ವಲ್ ಎಂದರೆ ಒಂದು ಶಾಟ್ ಶುರುವಾದಲ್ಲಿಂದ ಮುಂದಿನದು ಶುರುವಾಗುವವರೆಗಿನ ಹೊತ್ತು. ಇನ್ನು ಕೆಲವದರಲ್ಲಿ ಒಂದು ಮುಗಿದ ಮೇಲೆ ಇನ್ನೊಂದು ಶುರುವಾಗುವ ತನಕದ ಬಿಡುವು. ಪರದೆಯ ಮೇಲೆ ಎರಡಕ್ಕೂ ಅದೇ ಹೆಸರು.

ಹಗಲಲ್ಲಿ ಮೋಡ ತೆಗೆಯುವಾಗ ಇದು ಗೊತ್ತೇ ಆಗುವುದಿಲ್ಲ, ಶಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿರುತ್ತದೆ. ನಕ್ಷತ್ರಗಳಿಗೆ ಹೋದಾಗ ಪೆಟ್ಟು ತಿಂದೆ. 25 ಸೆಕೆಂಡಿನ ಎಕ್ಸ್‌ಪೋಷರ್ (ಶಟರ್ ತೆರೆದಿರುವ ಹೊತ್ತು), ಇಂಟರ್ವಲ್ 30 ಎಂದು ಇಟ್ಟೆ. ಗಂಟೆಗೆ 120 ಫ್ರೇಮು ಬರಬೇಕಿತ್ತು, ಬಂದದ್ದು 65. ನನ್ನ ಕೈಲಿದ್ದದ್ದು ಎರಡನೆಯ ಜಾತಿಯದು, ಸುತ್ತೊಂದಕ್ಕೆ 55 ಸೆಕೆಂಡು ನುಂಗುತ್ತಿತ್ತು. ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ ಐದು ಸೆಕೆಂಡಿನ ವಿಡಿಯೊ ಮೂರಕ್ಕೂ ಮುಟ್ಟಲಿಲ್ಲ. ನಕ್ಷತ್ರಗಳು ಕುಪ್ಪಳಿಸುತ್ತಿದ್ದವು.

ಆಗ ಹೊಳೆದದ್ದು, ನಮ್ಮ ಆಡುಮಾತು ಇದನ್ನು ಎಂದೋ ಬಿಡಿಸಿಟ್ಟಿದೆ. 'ಆರು ಗಂಟೆಗೊಮ್ಮೆ ಮಾತ್ರೆ' ಎಂದರೆ ಮಾತ್ರೆಯಿಂದ ಮಾತ್ರೆಗೆ ಎಣಿಕೆ. 'ಊಟವಾಗಿ ಅರ್ಧ ಗಂಟೆ ಬಿಟ್ಟು' ಎಂದರೆ ಕೈ ತೊಳೆದ ಮೇಲಿನ ಎಣಿಕೆ. 'ಎರಡು ದಿನಕ್ಕೊಮ್ಮೆ' ಮತ್ತು 'ಒಂದು ದಿನ ಬಿಟ್ಟು' ಎರಡೂ ಒಂದೇ. ಕೆಲಸ ನಡೆದ ದಿನವನ್ನು ಒಂದರಲ್ಲಿ ಸೇರಿಸುತ್ತೇವೆ, ಇನ್ನೊಂದರಲ್ಲಿ ಬಿಡುತ್ತೇವೆ. ಹಾಗೆಯೇ '30 ಸೆಕೆಂಡಿಗೊಮ್ಮೆ' ಬೇಕಿದ್ದವರು ನನ್ನ ಸಾಧನದಲ್ಲಿ '5 ಸೆಕೆಂಡು ಬಿಟ್ಟು' ಎಂದು ಇಡಬೇಕು.

ವಾಕ್ಯದಲ್ಲಿ ಸರಿ, ಆದರೆ ನಾಮಪದ ಬೇಕಲ್ಲ? ಎರಡನೆಯದಕ್ಕೆ 'ಬಿಡುವು' ಒಪ್ಪುತ್ತದೆ, ಕೊಂಚ ಆರಾಮದ ವಾಸನೆ ಇದ್ದರೂ. ಮೊದಲನೆಯದಕ್ಕೆ 'ಸರದಿ' ಎಂದುಕೊಂಡೆ, ಸಾಲಿನಲ್ಲಿ ನಿಂತ ಹಾಗಾಯಿತು. 'ಆವರ್ತ' ನಿಖರ, ಆದರೆ ಪಠ್ಯಪುಸ್ತಕದ ಬಿಗಿ. ಸಾಧನವನ್ನು 'ಮಧ್ಯಂತರಮಾಪಕ' ಎನ್ನಲು ಮನಸ್ಸಿಲ್ಲ. ಅದು ಏನನ್ನೂ ಅಳೆಯುವುದಿಲ್ಲ, ಹೊತ್ತಿಗೆ ಸರಿಯಾಗಿ ಕ್ಲಿಕ್ಕಿಸುತ್ತದೆ ಅಷ್ಟೇ. ಇಂಟರ್ವಲೋಮೀಟರ್ ಹಾಗೇ ಇರಲಿ.

ತಾಳ ಹಾಕುವವರು, ಮಗ್ಗದ ಮುಂದೆ ಕೂರುವವರು ಒಂದು ಪೆಟ್ಟಿನಿಂದ ಮುಂದಿನ ಪೆಟ್ಟಿನವರೆಗಿನ ಹೊತ್ತಿಗೆ ಏನನ್ನುತ್ತಾರೆ? ನಿಮ್ಮ ಕಡೆ ಅಂಥ ಪದವಿದ್ದರೆ, ಬಳಸುವ ಒಂದು ವಾಕ್ಯದ ಸಮೇತ ತಿಳಿಸಿ.