ಅಜ್ಜನ ಪಿಸ್ತೂಲು, ದೊಡ್ಡಪ್ಪನ ಗುರಿ ಹಾಳೆ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಅಡಿಕೆ ಧಾರಣೆ, ಮದುವೆಯ ಕರೆಯೋಲೆಗಳ ಹೊರತು ಹೆಚ್ಚೇನೂ ಬರುವುದಿಲ್ಲ. ಕಳೆದ ಭಾನುವಾರ ಬೆಂಗಳೂರಿನ ಅಣ್ಣ (ದೊಡ್ಡಪ್ಪನ ಮಗ) ಒಂದು ವಿಡಿಯೊ ಹಾಕಿದ: ಅಂಗೈಯಲ್ಲಿ ಅಡಗುವಂತಹ ಪಿಸ್ತೂಲು ಹಿಡಿದ ಒಬ್ಬಾತ 25 ಮೀಟರ್ ದೂರದ ಕಬ್ಬಿಣದ ತಟ್ಟೆಗೆ ಒಂದರ ಹಿಂದೆ ಒಂದು ಗುಂಡು ತಾಗಿಸುತ್ತಾನೆ. ಮುಂದಿನದನ್ನು ಕಾಗುಣಿತ ತಿದ್ದಿ ಇಲ್ಲಿಡುತ್ತಿದ್ದೇನೆ.

ದೊಡ್ಡಪ್ಪ (ದಾವಣಗೆರೆ): ಇದು ಶುದ್ಧ ಕಣ್ಕಟ್ಟು. ಅಪ್ಪನ .32 ಪಿಸ್ತೂಲು ನನ್ನ ಪರವಾನಗಿಗೆ ಬಂದ ವರ್ಷ, ನಾಗರಿಕ ಬಂದೂಕು ತರಬೇತಿಯ ಕೊನೆಯ ದಿನ, ಅನುಮತಿ ಪಡೆದು ಅದರಿಂದ 7 ಮೀಟರ್ ದೂರಕ್ಕೆ ಆರು ಗುಂಡು ಹಾರಿಸಿದೆ. ನಡುವಿನ ಕಪ್ಪು ವೃತ್ತಕ್ಕೆ ಒಂದೂ ತಾಗಲಿಲ್ಲ. ಗೇಣುದ್ದದ ಬ್ಯಾರಲ್ (ನಳಿಕೆ) ಕೂಡ ಇಲ್ಲದ ಆಯುಧ ಹೆದರಿಸುವುದಕ್ಕೆ ಸರಿ, ಗುರಿಗಲ್ಲ. ಅದನ್ನು ಮಾರಿಬಿಡುವುದೇ ಲೇಸು.

ಚಿಕ್ಕಪ್ಪ: ಅಣ್ಣ, ಬ್ಯಾರಲ್ ಗಿಡ್ಡವಾದರೆ ಗುಂಡಿನ ವೇಗ ಒಂದಿಷ್ಟು ತಗ್ಗುತ್ತದೆ, ಆದರೆ 7 ಮೀಟರಿನೊಳಗೆ ಅದು ದಿಕ್ಕೆಟ್ಟು ಹೋಗುವುದಿಲ್ಲ. ಜರ್ಮನಿಯ ವಾಲ್ಥರ್ ಪಿಪಿಕೆಯಂತಹ ಸಣ್ಣ ಪಿಸ್ತೂಲುಗಳಲ್ಲಿ ಬ್ಯಾರಲ್ ಪಿಸ್ತೂಲಿನ ಚೌಕಟ್ಟಿಗೇ ಭದ್ರವಾಗಿ ಕೂತಿರುತ್ತದೆ. ಅಂತಹದನ್ನು ಮರಳು ಚೀಲದ ಮೇಲೆ ಊರಿ ಹೊಡೆದರೆ ಗುಂಡುಗಳು ಒಂದೆಡೆಯೇ ಬೀಳುತ್ತವೆ. ತೊಡಕು ಶುರುವಾಗುವುದು ಕೈಗೆ ಬಂದ ಮೇಲೆ. ಪೊಲೀಸರ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ (ಡಿ.ಎ.ಆರ್.) ಇದ್ದಷ್ಟು ಕಾಲ ನಾನು ಹೊಸ ಹುಡುಗರ ಟ್ರಿಗರ್ ಬೆರಳನ್ನೇ ಮೊದಲು ನೋಡುತ್ತಿದ್ದೆ, ಗುರಿ ಹಾಳೆಯನ್ನು ಆಮೇಲೆ.

ನಾನು: ದೊಡ್ಡಪ್ಪ, ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದು, ಈಗ 10 ಮೀಟರ್ ಏರ್ ಪಿಸ್ತೂಲು ಅಭ್ಯಾಸ ಮಾಡುತ್ತಿರುವ ನನಗೂ ಚಿಕ್ಕಪ್ಪನ ಮಾತೇ ಸರಿ ಎನಿಸುತ್ತದೆ. ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೊಂದು, ಮುಂದೊಂದು ಸೈಟ್ (ಗುರಿಯ ಗುರುತು) ಇರುತ್ತದೆ. ಅಜ್ಜನ ಪಿಸ್ತೂಲಿನ ಬ್ಯಾಕ್‌ಸೈಟ್‌ಗೂ ಫೋರ್‌ಸೈಟ್‌ಗೂ ನಡುವೆ 10 ಸೆಂಟಿಮೀಟರ್ ಅಂತರವಿದೆ ಎಂದಿಟ್ಟುಕೊಳ್ಳಿ. ಅವೆರಡರ ಹೊಂದಿಕೆ ಒಂದೇ ಒಂದು ಮಿಲಿಮೀಟರ್ ತಪ್ಪಿದರೂ 7 ಮೀಟರ್ ದೂರದಲ್ಲಿ ಗುಂಡು 7 ಸೆಂಟಿಮೀಟರ್ ಸರಿದು ಬೀಳುತ್ತದೆ. ನನ್ನ ಏರ್ ಪಿಸ್ತೂಲಿನಲ್ಲಿ ಆ ಅಂತರ ಮೂರು ಪಟ್ಟು ಇರುವುದರಿಂದ ಅದೇ ತಪ್ಪಿಗೆ ದಂಡ ಮೂರರಲ್ಲಿ ಒಂದು ಪಾಲು. ಟ್ರಿಗರಿನದು ಇನ್ನೊಂದು ಲೆಕ್ಕ. ಸುಮಾರು 1 ಕಿಲೋ ತೂಗುವ ಏರ್ ಪಿಸ್ತೂಲಿಗೆ ನಿಯಮದಂತೆ ಟ್ರಿಗರ್ ಎಳೆಯಲು ಬೇಕಾದ ಕನಿಷ್ಠ ಭಾರ 500 ಗ್ರಾಂ. ಜೇಬಿನ ಪಿಸ್ತೂಲು ತೂಗುವುದೇ ಅರ್ಧ ಕಿಲೋ ಚಿಲ್ಲರೆ, ಅದರ ಟ್ರಿಗರಿಗೆ ಬೇಕಾದ ಬಲ ಅದರ ತೂಕದ ಹಲವು ಪಟ್ಟು. ಹೀಗಾಗಿ ಬೆರಳು ಟ್ರಿಗರನ್ನು ಎಳೆಯುವಾಗ ಇಡೀ ಪಿಸ್ತೂಲನ್ನೇ ತನ್ನ ಜೊತೆ ಎಳೆದೊಯ್ಯುತ್ತದೆ.

ಅಣ್ಣ: ಹಾಗಾದರೆ ಅದನ್ನು ಕೊಟ್ಟು ಕಾನ್ಪುರದ ನಿರ್ಭೀಕ್ ರಿವಾಲ್ವರ್ ತೆಗೆದುಕೊಳ್ಳೋಣ. 2014ರಲ್ಲಿ ಬಂದದ್ದು, ಅದೂ .32, ತೂಕ ಸುಮಾರು 500 ಗ್ರಾಂ ಅಷ್ಟೇ.

ಚಿಕ್ಕಪ್ಪ: ತೂಕ ಇಳಿದಷ್ಟೂ ಹೊಡೆತ ಕೈಗೆ ಜೋರಾಗುತ್ತದೆ, ಮಗನೇ. ಹ್ಯಾಮರನ್ನು (ಗುಂಡು ಸಿಡಿಸುವ ಸುತ್ತಿಗೆ) ಮೊದಲೇ ಎತ್ತದೆ ನೇರವಾಗಿ ಹೊಡೆದರೆ ರಿವಾಲ್ವರಿನ ಟ್ರಿಗರ್ ಹ್ಯಾಮರನ್ನೂ ಎತ್ತಬೇಕು, ಗುಂಡು ತುಂಬಿದ ಸಿಲಿಂಡರನ್ನೂ ತಿರುಗಿಸಬೇಕು. ಅದರ ಎಳೆತ ಇನ್ನೂ ಭಾರ. ನಿಮ್ಮಪ್ಪ ಹೇಳುವ ರೋಗಕ್ಕೆ ಅದು ಔಷಧವಲ್ಲ.

ಅತ್ತೆ (ಚಿತ್ರದುರ್ಗ): ತೋಟದ ಮನೆಯಲ್ಲಿ ಕಟ್ಟೆಯಿಂದ ಬಾಗಿಲಿಗೆ ಎಷ್ಟು ದೂರವೋ ಅಷ್ಟೇ ಅಲ್ಲವೇ ಈ ಪಿಸ್ತೂಲಿನ ಕೆಲಸ? 25 ಮೀಟರ್ ವಿಡಿಯೊ ನೋಡಿ ಅದನ್ನು ಅಳೆಯುವುದೇ ತಪ್ಪು. ನಮ್ಮ ಕೋಟೆಯ ಕಿಂಡಿಯ ಬಳಿ ಓಬವ್ವನ ಒನಕೆಗೆ ಯಾವ ಸೈಟ್ ಇತ್ತು?

ದೊಡ್ಡಪ್ಪ: ಒನಕೆ ಗುರಿ ತಪ್ಪಿದರೆ ಪಕ್ಕದ ಮನೆಯ ಗೋಡೆ ತೂರಿ ಹೋಗುವುದಿಲ್ಲ, ತಂಗಿ. 7 ಮೀಟರಿಗೇ ತಪ್ಪುವ ಆಯುಧವನ್ನು ಮಕ್ಕಳು ಮಲಗಿರುವ ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂಬುದೇ ನನ್ನ ಪ್ರಶ್ನೆ.

(ಇಡೀ ಚರ್ಚೆಯಲ್ಲಿ ಗಂಭೀರವಾದ ಮಾತು ಇದೊಂದೇ ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಆಗ ಯಾರೂ ಇದಕ್ಕೆ ಉತ್ತರ ಕೊಡಲಿಲ್ಲ.)

ಚಿಕ್ಕಪ್ಪ: ಆ ದಿನದ ಗುರಿ ಹಾಳೆ ಉಳಿದಿದ್ದರೆ ಫೋಟೊ ಹಾಕು. ಎಷ್ಟು ತಪ್ಪಿದೆ ಎನ್ನುವುದಕ್ಕಿಂತ ಹೇಗೆ ತಪ್ಪಿದೆ ಎಂದು ನೋಡೋಣ.

ಅರ್ಧ ಗಂಟೆಯ ಬಳಿಕ ಫೋಟೊ ಬಂತು. ಹಳದಿಗಟ್ಟಿದ ಹಾಳೆ; ಆರು ತೂತುಗಳೂ ಕೆಳಗೆ ಎಡಭಾಗದಲ್ಲಿ, ಒಂದು ಅಂಗೈ ಅಗಲದೊಳಗೆ.

ಚಿಕ್ಕಪ್ಪ: ಇದು ಚೆದುರಿದ ಹೊಡೆತವಲ್ಲ, ಅಣ್ಣ, ಒಳ್ಳೆಯ ಗ್ರೂಪಿಂಗ್ (ಗುಂಡುಗಳು ಒಂದೆಡೆ ಸೇರಿ ಬೀಳುವುದು). ಪಿಸ್ತೂಲೇ ಕೆಟ್ಟಿದ್ದರೆ ತೂತುಗಳು ಹಾಳೆಯ ತುಂಬ ಹರಡಿಕೊಂಡಿರುತ್ತಿದ್ದವು. ಬಲಗೈಯವರು ಸದ್ದಿಗೆ ಮೊದಲೇ ಅಂಜಿ ಟ್ರಿಗರನ್ನು ಕಿತ್ತು ಎಳೆದರೆ ಗುಂಡು ಕೆಳಗೆ ಎಡಕ್ಕೆ ಇಳಿಯುತ್ತದೆ. ಇದನ್ನು ನೂರಾರು ಹಾಳೆಗಳ ಮೇಲೆ ನೋಡಿದ್ದೇನೆ. ಅಷ್ಟು ಚಿಕ್ಕ ಹಿಡಿಯಲ್ಲಿ ಕಿರುಬೆರಳಿಗೆ ಜಾಗವಿಲ್ಲ, ಅದನ್ನು ಮಡಚಿ ಮ್ಯಾಗಜೀನಿನ (ಗುಂಡು ತುಂಬುವ ಗೂಡು) ತಳಕ್ಕೆ ಒತ್ತಿಟ್ಟು, ಎರಡನೆಯ ಕೈಯಿಂದ ಬಿಗಿಯಾಗಿ ಸುತ್ತಬೇಕು, ಹೆಬ್ಬೆರಳು ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡಿಗೆ ತಾಗಬಾರದು. ಬೆರಳಿನ ತುದಿಯ ಮೆತ್ತೆಯನ್ನು ಟ್ರಿಗರ್ ಮೇಲಿಟ್ಟು, ಫೋರ್‌ಸೈಟ್ ಮೇಲಿನ ಕಣ್ಣು ತೆಗೆಯದೆ, ನಿಂಬೆಹಣ್ಣು ಹಿಂಡುವ ಹಾಗೆ ಸಮನಾಗಿ ಹಿಂಡಬೇಕು. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಚೇಂಬರ್ (ಬ್ಯಾರಲ್ ಬುಡದಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯೆಂದು ಎರಡು ಸಲ ನೋಡಿ, ಮದ್ದಿಲ್ಲದ ಡಮ್ಮಿ ಗುಂಡು ಹಾಕಿಕೊಂಡು ದಿನಕ್ಕೆ ಹತ್ತು ನಿಮಿಷ ಡ್ರೈ ಫೈರ್ (ಗುಂಡು ಹಾರಿಸದೆ ಟ್ರಿಗರ್ ಎಳೆಯುವ ಅಭ್ಯಾಸ) ಮಾಡಿದರೆ ಈ ಗ್ರೂಪಿಂಗ್ ತಾನಾಗಿ ನಡುವಿಗೆ ಬರುತ್ತದೆ.

ನಾನು: ಹಾಳೆ ನೋಡಿದ ಮೇಲೆ ನನಗೂ ಸಂಶಯ ಉಳಿದಿಲ್ಲ.

ಅತ್ತೆ: ಇಬ್ಬರೂ ಸ್ವಲ್ಪ ತಡೆಯಿರಿ. ಅಣ್ಣ ಎಡಚ ಎಂಬುದನ್ನು ಮರೆತಿರಾ? ಊಟ, ಬರಹ ಎರಡನ್ನೂ ಅಪ್ಪ ಹೊಡೆದು ಬಡಿದು ಬಲಗೈಗೆ ತಂದರು. ಕವಣೆ ಬೀಸುವುದು, ಮಚ್ಚು ಹಿಡಿಯುವುದು ಇವತ್ತಿಗೂ ಎಡಗೈಯಲ್ಲೇ.

ದೊಡ್ಡಪ್ಪ: ಪಿಸ್ತೂಲನ್ನೂ ಎಡಗೈಯಲ್ಲೇ ಹಿಡಿದಿದ್ದೆ.

ಒಂದು ತಾಸು ಗುಂಪು ಸುಮ್ಮನಿತ್ತು.

ಚಿಕ್ಕಪ್ಪ: ಹಾಗಿದ್ದರೆ ನನ್ನ ಅರ್ಧ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಎಡಗೈಯವರು ಟ್ರಿಗರ್ ಕಿತ್ತರೆ ಗುಂಡು ಸಾಮಾನ್ಯವಾಗಿ ಕೆಳಗೆ ಬಲಕ್ಕೆ ಹೋಗಬೇಕು. ಎಡಕ್ಕೆ ಬಿದ್ದಿದೆ ಎಂದರೆ ಒಂದೋ ಹಿಡಿತದಲ್ಲಿ ಬೇರೇನೋ ಆಗಿದೆ, ಇಲ್ಲವೇ ಬ್ಯಾಕ್‌ಸೈಟ್ ಎಡಕ್ಕೆ ಜರುಗಿದೆ. ಗ್ರೂಪಿಂಗ್ ಚೆನ್ನಾಗಿದೆ ಎಂಬ ಮಾತನ್ನು ಮಾತ್ರ ಬಿಡುವುದಿಲ್ಲ. ಪರವಾನಗಿ ಇರುವ ರೇಂಜಿಗೆ ಅಣ್ಣನೇ ಪಿಸ್ತೂಲು ತರಲಿ. ಅಲ್ಲಿನವರ ಒಪ್ಪಿಗೆ ಪಡೆದು ಮರಳು ಚೀಲದ ಮೇಲೆ ಮೊದಲು ನಾನು ಐದು ಗುಂಡು ಹೊಡೆಯುತ್ತೇನೆ, ಆಮೇಲೆ ಅವನು ಐದು. ನನ್ನವೂ ಎಡಕ್ಕೇ ಬಿದ್ದರೆ ಸೈಟ್ ತಿದ್ದಿಸೋಣ.

ಅಣ್ಣ: ಅಪ್ಪ, ನೀವು ಒಪ್ಪುತ್ತೀರಾ?

ದೊಡ್ಡಪ್ಪ: ಒಪ್ಪದೆ ಏನು ಮಾಡಲಿ. ಆದರೆ ಪಿಸ್ತೂಲು ಮನೆಯಲ್ಲಿಲ್ಲ. ಚುನಾವಣೆಯ ಹೊತ್ತಿಗೆ ಠಾಣೆಗೆ ಒಪ್ಪಿಸಿದ್ದನ್ನು ನಾನಿನ್ನೂ ತಂದಿಲ್ಲ. ರಸೀದಿ ಬೀರುವಿನಲ್ಲಿದೆ, ನಾಳೆ ಹೋಗಿ ಕೇಳುತ್ತೇನೆ.